ಟಿಪ್ಪು ಜಯಂತಿ: ಸರ್ಕಾರಕ್ಕೆ ಯಾಕೆ ಬೇಕಿತ್ತು ಈ ಹುಟ್ಟುಹಬ್ಬ?

ಗಂಜಾಂ ಅಂಜೂರ
ನಮ್ಮ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಟಿಪ್ಪು ಗೋರಿ ಇರುವ ಗುಂಬಜ್‌ಗೆ ನಡೆದುಕೊಂಡೇ ಹೋಗಬಹುದು. ಚಿಕ್ಕವನಿದ್ದಾಗ ನನಗೆ ಟಿಪ್ಪು ಅಂದರೆ ಉರುಸು, ಕಡ್ಲೆಪುರಿ, ಬೆಂಡು ಬತ್ತಾಸು. ನಮ್ಮಜ್ಜಿ ಗುಂಬಜ್‌ನಲ್ಲಿ ಸಕ್ಕರೆ ಓದಿಸಿಕೊಂಡು, ಅದೇ ಬುಟ್ಟಿ ಹಿಡಿದು ರಂಗನಾಥನ ಗುಡಿಗೂ ಹೋಗಿ ಬರುತ್ತಿದ್ದಳು. ಯಾರೂ ಏನೂ ಅಂದದ್ದು ನೆನಪಿಲ್ಲ.

2015ರ ನವೆಂಬರ್ 10ಕ್ಕೆ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. ಅಲ್ಲಿಂದ ಪ್ರತಿ ನವೆಂಬರ್‌ನಲ್ಲೂ ಪೊಲೀಸ್ ವ್ಯಾನ್. 2019ರ ಜುಲೈ 30ಕ್ಕೆ ಬೇರೆ ಸರ್ಕಾರ ಬಂದು ರದ್ದು ಮಾಡಿತು. ಜಯಂತಿ ಹೋಯಿತು, ಜಗಳ ಹೋಗಲಿಲ್ಲ. ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇದೇ ವಿಷಯಕ್ಕೆ ಭಾವನಿಗೂ ಚಿಕ್ಕಪ್ಪನಿಗೂ ಹತ್ತಿಕೊಂಡು, ಚಿಕ್ಕಪ್ಪ ಗುಂಪು ಬಿಟ್ಟು ಹೋದರು. ಫೆಬ್ರವರಿಯಲ್ಲಿ ಅವರ ಮಗಳ ಮದುವೆ. ಲಗ್ನಪತ್ರಿಕೆ ಬರುತ್ತೋ ಇಲ್ವೋ!

ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ನಾನು ಕೇಳುತ್ತಿಲ್ಲ. ಇನ್ನೂರು ವರ್ಷದಿಂದ ಜನ ಅವನನ್ನು ತಮಗೆ ಬೇಕಾದ ಹಾಗೆ ನೆನೆಸಿಕೊಂಡು, ಬೈದುಕೊಂಡು ಬಂದಿದ್ದರು. ಅದರ ಮಧ್ಯೆ ಸರ್ಕಾರ ಯಾಕೆ ಕೈ ಹಾಕಬೇಕಿತ್ತು? ಫಾರ್ವರ್ಡ್ ಬಂದದ್ದನ್ನು ಇಲ್ಲಿ ತಂದು ಸುರಿಯಬೇಡಿ, ದಮ್ಮಯ್ಯ.

ಕಾಫಿ ಹೂವು
ನಿಮಗೆ ಬೆಂಡು ಬತ್ತಾಸು. ನಮಗೆ ದೇವಟ್ಟಿಪರಂಬು.

ಕೊಡಗಿನವರಲ್ಲದವರಿಗೆ ಆ ಹೆಸರೇ ಗೊತ್ತಿರುವುದಿಲ್ಲ. ಭಾಗಮಂಡಲದ ಹತ್ತಿರ. 1785ರಲ್ಲಿ ಟಿಪ್ಪು ಕಡೆಯವರು ಕೊಡವರನ್ನು ಮಾತುಕತೆಗೆ ಬನ್ನಿ ಅಂತ ಕರೆಸಿ, ಸುತ್ತುಗಟ್ಟಿ ಕೊಂದರು, ಸಿಕ್ಕಿದವರನ್ನು ಶ್ರೀರಂಗಪಟ್ಟಣಕ್ಕೆ ಎಳೆದುಕೊಂಡು ಹೋದರು ಅಂತ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹೋದವರಲ್ಲಿ ಎಷ್ಟೋ ಜನರ ಧರ್ಮ ಬದಲಾಯಿತು. ಇವತ್ತಿಗೂ ಕೊಡವ ಮನೆತನದ ಹೆಸರು ಇಟ್ಟುಕೊಂಡ ಮುಸ್ಲಿಂ ಕುಟುಂಬಗಳು ನಮ್ಮಲ್ಲಿವೆ. ನಮ್ಮ ತಾತ ಸಾಕಿದ ನಾಯಿಗಳಿಗೆಲ್ಲ ಒಂದೇ ಹೆಸರು, ಟಿಪ್ಪು. ಒಂದು ಸತ್ತರೆ ಇನ್ನೊಂದಕ್ಕೂ ಅದೇ. ಚಿಕ್ಕವಳಿದ್ದಾಗ ಅದು ನಾಯಿಗೇ ಇಡುವ ಹೆಸರು ಅಂದುಕೊಂಡಿದ್ದೆ. ಶಾಲೆಯಲ್ಲಿ ಪಾಠ ಬಂದಾಗ ನಕ್ಕುಬಿಟ್ಟು ಬೆಂಚಿನ ಮೇಲೆ ನಿಂತಿದ್ದೇನೆ.

2015ರ ಆ ದಿನ ನಾನು ಮಡಿಕೇರಿಯಲ್ಲೇ ಇದ್ದೆ. ಮೆರವಣಿಗೆ, ಕಲ್ಲು, ಲಾಠಿ. ಗಲಾಟೆಯಲ್ಲಿ ವಿಶ್ವ ಹಿಂದೂ ಪರಿಷತ್ತಿನ ಹಿರಿಯರೊಬ್ಬರು ಹೋದರು. ಗುಂಡೇಟು ತಿಂದ ಮುಸ್ಲಿಂ ಹುಡುಗನೊಬ್ಬ ಆಮೇಲೆ ಆಸ್ಪತ್ರೆಯಲ್ಲಿ ಹೋದ. ಅಂಗಡಿ ಬಾಗಿಲು ಎಳೆದ ಸದ್ದು ಬೀದಿಯ ಆ ತುದಿಯಿಂದ ಈ ತುದಿಗೆ ಬಂದದ್ದು ಇನ್ನೂ ಕಿವಿಯಲ್ಲಿದೆ. ಬೇಡ ಅಂತ ಕೊಡಗು ಹೇಳಿತ್ತು. ಕೇಳಲಿಲ್ಲ.

ಕೇಸರಿಬಾತ್
ಕಾಫಿ ಹೂವು ಹೇಳಿದ್ದಕ್ಕಿಂತ ಜಾಸ್ತಿ ಏನು ಬೇಕು? ಮಡಿಕೇರಿಗೆ ಜಾಫರಾಬಾದ್ ಅಂತ ಹೆಸರಿಟ್ಟ. ಬೆಳ್ತಂಗಡಿ ಹತ್ತಿರದ ನರಸಿಂಹಗಡ ಜಮಾಲಾಬಾದ್ ಆಯಿತು. ಮೈಸೂರಿನ ಹಳೇ ಊರು ಕೆಡವಿ ನಜರ್‌ಬಾದ್ ಕಟ್ಟಲು ಹೊರಟ. ಆಡಳಿತಕ್ಕೆ ಫಾರ್ಸಿ ತಂದ. ಇಂಥವನ ಜಯಂತಿಯನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಡಬೇಕಾ? ನಾಚಿಕೆ ಇರಬೇಕು.

ಖಡಕ್ ರೊಟ್ಟಿ
ನಾಚಿಕೆ ವಿಷಯ ಬಂದದ್ದು ಒಳ್ಳೆಯದಾಯಿತು. ಯಡಿಯೂರಪ್ಪನವರು ಕೆಜೆಪಿ ಅಂತ ತಮ್ಮದೇ ಪಕ್ಷ ಕಟ್ಟಿದಾಗ ಟಿಪ್ಪು ಪೇಟ ತೊಟ್ಟು, ಕತ್ತಿ ಹಿಡಿದು ನಿಂತ ಫೋಟೋ ಮರೆತುಹೋಯ್ತಾ? ಅದೇ ತಲೆ 2019ರಲ್ಲಿ ಜಯಂತಿ ರದ್ದು ಮಾಡಿತು. 2017ರಲ್ಲಿ ರಾಷ್ಟ್ರಪತಿ ಕೋವಿಂದ್ ವಿಧಾನಸೌಧಕ್ಕೇ ಬಂದು, ಟಿಪ್ಪು ಬ್ರಿಟಿಷರ ಜತೆ ಹೋರಾಡಿ ವೀರಮರಣ ಪಡೆದ ಅಂದರು. ಯುದ್ಧದಲ್ಲಿ ರಾಕೆಟ್ ಬಳಸಿದ್ದನ್ನೂ ಹೇಳಿದರು. ಸಂವಿಧಾನದ ಮೂಲ ಪ್ರತಿಯಲ್ಲಿ ಝಾನ್ಸಿ ರಾಣಿ ಇರುವ ಪುಟದಲ್ಲೇ ಟಿಪ್ಪು ಚಿತ್ರ ಇದೆ. ಅವರಿಗೆಲ್ಲ ನಾಚಿಕೆ ಇಲ್ಲ, ನಿಮಗೊಬ್ಬರಿಗೆ ಇದೆ!

ಕೇಸರಿಬಾತ್
ಫೋಟೋ ತೋರಿಸಿದರೆ ಕೊಂದವರು ಎದ್ದು ಬರುತ್ತಾರಾ?

ಖಡಕ್ ರೊಟ್ಟಿ
ಹೆಸರು ಬದಲಾಯಿಸಿದ್ದು ಪಾಪ ಆದರೆ ಇವತ್ತು ಊರಿಗೂ ರೈಲಿಗೂ ಹೆಸರು ಬದಲಾಯಿಸುವವರನ್ನು ಏನಂತ ಕರೆಯೋಣ?

ಮುದ್ದೆ ಬಸ್ಸಾರು
ರೈಲಿನ ಮಾತು ಬಂತಲ್ಲ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಮಂಡ್ಯದಲ್ಲಿ ಹತ್ತುವವನಿಗೆ ಆಗಲೂ ಸೀಟಿಲ್ಲ, ಈಗಲೂ ಸೀಟಿಲ್ಲ. ಕಕ್ಕಸಿನ ಪಕ್ಕ ನಿಂತುಕೊಂಡು ಯಾರ ಹೆಸರಿನ ರೈಲು ಅಂತ ಯೋಚನೆ ಮಾಡುವ ಪುರುಸೊತ್ತು ಯಾರಿಗಿದೆ?

ಮಂಡಿಮೊಹಲ್ಲಾ
ಎರಡು ದಿನದಿಂದ ಓದುತ್ತಿದ್ದೇನೆ. ಬರೆಯೋದೋ ಬೇಡವೋ ಅಂತ ಇದ್ದೆ.

ನಮ್ಮ ಬೀದಿಯಲ್ಲಿ ಯಾರೂ ಜಯಂತಿ ಕೊಡಿ ಅಂತ ಅರ್ಜಿ ಹಾಕಿರಲಿಲ್ಲ. ನಮ್ಮ ಅಬ್ಬಾ ಮರಗೆಲಸದವರು. ಸರ್ಕಾರ ಮಾಡುತ್ತಿದೆ ಅಂದಾಗ ಖುಷಿಪಟ್ಟರು, ಸುಳ್ಳು ಹೇಳಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದರು. ಬಾಗಿಲಲ್ಲಿ ಮೂರು ಕಡೆ ತಡೆದು ಜೇಬು ತಡಕಿದರಂತೆ. ಜೇಬಿನಲ್ಲಿದ್ದ ಅಳತೆ ಟೇಪು ಕೂಡ ತೆಗೆದಿಟ್ಟುಕೊಂಡರು. ವಾಪಸ್ ಕೊಡಲಿಲ್ಲ. ಮನೆಗೆ ಬಂದು ಹೇಳಿದ್ದು ಇಷ್ಟು: "ಭಾಷಣದಲ್ಲಿ ಟಿಪ್ಪು ಎರಡು ನಿಮಿಷ, ಮಿಕ್ಕಿದ್ದೆಲ್ಲ ಎಲೆಕ್ಷನ್." ಮಾರನೇ ವರ್ಷ ಹೋಗಲಿಲ್ಲ.

2019ರಲ್ಲಿ ರದ್ದಾದ ದಿನ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬರು ಮೈಸೂರು ಪಾಕ್ ತಂದು ಹಂಚಿದರು. ನನಗೂ ಕೊಟ್ಟು "ನಿಮ್ಮವನ ಜಯಂತಿ ಹೋಯ್ತಲ್ಲ" ಅಂದರು. ನಗುತ್ತಾ ಹೇಳಿದರು, ಕೆಟ್ಟ ಮನುಷ್ಯ ಅಲ್ಲ. ಆದರೆ ಟಿಪ್ಪು ನನ್ನವನಾಗಿದ್ದು ಯಾವಾಗ? ನಾನು ಹುಟ್ಟಿದ್ದು 1986ರಲ್ಲಿ. ನಮ್ಮ ಮನೆಯಲ್ಲಿ ಅವನ ಫೋಟೋ ಇರಲಿಲ್ಲ, ರಾಜಕುಮಾರ್ ಫೋಟೋ ಇತ್ತು. ಸರ್ಕಾರ ಒಂದು ಆದೇಶ ಹೊರಡಿಸಿ ಅವನನ್ನು ನನ್ನ ತಲೆಗೆ ಕಟ್ಟಿತು. ಇನ್ನೊಂದು ಆದೇಶ ಬಂದಾಗ ಕಿತ್ತುಕೊಂಡದ್ದು ಅವನನ್ನಲ್ಲ, ನನ್ನನ್ನೇ ಅನ್ನಿಸಿತು. ಆ ಮೈಸೂರು ಪಾಕ್ ತಿಂದೆ. ಏನು ಮಾಡಲಿ.

ಗಂಜಾಂ ಅಂಜೂರ
ಮಂಡಿಮೊಹಲ್ಲಾ, ಬರೆದದ್ದು ಒಳ್ಳೆಯದಾಯಿತು. ನಾನು ಉದ್ದುದ್ದ ಕೇಳಿದ್ದನ್ನು ನೀವು ಒಂದು ಅಳತೆ ಟೇಪಿನಲ್ಲಿ ಹೇಳಿಬಿಟ್ಟಿರಿ.

ಧಾರವಾಡದ ಮೇಷ್ಟ್ರು
ನಿವೃತ್ತ ಇತಿಹಾಸ ಮೇಷ್ಟ್ರು ನಾನು. ಉದ್ದ ಆದರೆ ಕ್ಷಮಿಸಿ.

ಮೊದಲು ಶೃಂಗೇರಿ. 1791ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಸೇರಿ ಟಿಪ್ಪು ಮೇಲೆ ಬಿದ್ದಿದ್ದರು. ಪರಶುರಾಮ ಭಾವೂನ ಮರಾಠಾ ದಂಡಿನ ಜತೆ ಬಂದ ಪಿಂಡಾರಿಗಳು ಶೃಂಗೇರಿ ಮಠ ಕೊಳ್ಳೆ ಹೊಡೆದರು. ಜನರನ್ನು ಕೊಂದರು, ಶಾರದೆಯ ಮೂರ್ತಿಯನ್ನು ಕಿತ್ತರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ತಲೆ ಉಳಿಸಿಕೊಂಡರು. ಅವರು ಟಿಪ್ಪುವಿಗೆ ಬರೆದರು, ಅವನು ಉತ್ತರ ಬರೆದ. ಸ್ವಾಮಿಗಳನ್ನು ಜಗದ್ಗುರು ಅಂತ ಕರೆದ. ನಗುತ್ತಾ ಮಾಡಿದ ಕೆಟ್ಟ ಕೆಲಸವನ್ನು ಅಳುತ್ತಾ ಉಣ್ಣಬೇಕಾಗುತ್ತದೆ ಎಂಬ ಅರ್ಥದ ಸಂಸ್ಕೃತ ಸಾಲು ಸೇರಿಸಿದ. ಮೂರ್ತಿ ಮತ್ತೆ ಪ್ರತಿಷ್ಠೆ ಮಾಡಲು ಹಣ, ಧಾನ್ಯ ಕೊಡಿಸಿದ. ಶತ್ರುಗಳು ಸೋಲಲಿ ಅಂತ ಸಹಸ್ರಚಂಡಿ ಜಪ ಮಾಡಿಸಿ ಅಂತಲೂ ಕೇಳಿದ. ಈ ಪತ್ರಗಳು ಬೆಳಕಿಗೆ ಬಂದದ್ದು 1916ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಂದ. ಕೇಸರಿಬಾತ್ ಗಮನಿಸಿ, ಪತ್ರಗಳು ಇರುವುದು ಕನ್ನಡದಲ್ಲಿ.

ಇದನ್ನು ಹೇಳಿದ ಕೂಡಲೇ ಒಂದು ಪಂಗಡ ಚಪ್ಪಾಳೆ ಹೊಡೆಯುತ್ತದೆ. ತಡೆಯಿರಿ. ಆರು ವರ್ಷ ಹಿಂದೆ ಕೊಡಗಿನಲ್ಲಿ ಆದದ್ದೂ ಅದೇ ಮನುಷ್ಯನ ಕಾಲದಲ್ಲಿ. ಕೊಡಗಿನ ಲೆಕ್ಕದಲ್ಲಿ ಗೊಂದಲ ಇದೆ. ಟಿಪ್ಪು ಪರವಾಗಿ ಬರೆದ ಕಿರ್ಮಾನಿಯೇ ಸೆರೆ ಸಿಕ್ಕವರು ಎಂಬತ್ತು ಸಾವಿರ ಅಂತಾನೆ. ಆಗ ಆ ಬೆಟ್ಟಗಳಲ್ಲಿ ಅಷ್ಟು ಜನ ಇದ್ದರಾ ಅನ್ನುವುದೇ ಅನುಮಾನ. ದರ್ಬಾರಿನವರು ಹೊಗಳಲು ಸೊನ್ನೆ ಸೇರಿಸುತ್ತಿದ್ದರು, ಇಂಗ್ಲಿಷರು ತೆಗಳಲು ಸೇರಿಸುತ್ತಿದ್ದರು. ಹಾಗಂತ ಸೊನ್ನೆ ತೆಗೆದ ಮಾತ್ರಕ್ಕೆ ಮಿಕ್ಕಿದ್ದು ಸುಳ್ಳಾಗುವುದಿಲ್ಲ.

ಈಗ ಧರ್ಮಯುದ್ಧ ಅನ್ನುವವರಿಗೆ ಒಂದು ಪ್ರಶ್ನೆ. ನಿಜಾಮ ಮುಸ್ಲಿಂ, ಟಿಪ್ಪು ವಿರುದ್ಧ. ಸವಣೂರಿನ ನವಾಬನೂ ಮುಸ್ಲಿಂ, ಅವನ ಊರನ್ನು ಟಿಪ್ಪು ಹಿಡಿದ. ಪೂರ್ಣಯ್ಯ ಮಾಧ್ವ ಬ್ರಾಹ್ಮಣ, ಕೊನೆ ತನಕ ಟಿಪ್ಪುವಿನ ದೊಡ್ಡ ಅಧಿಕಾರಿ. 1799ರ ಮೇ 4ಕ್ಕೆ ಟಿಪ್ಪು ಸತ್ತ ಮೇಲೆ ಅದೇ ಪೂರ್ಣಯ್ಯ ಐದು ವರ್ಷದ ಕೃಷ್ಣರಾಜ ಒಡೆಯರ ದಿವಾನ. ರಾಜ್ಯ ಕಾಯಲು ರಾಜ ದೇವರನ್ನೂ ಕರೆಯುತ್ತಾನೆ, ಕತ್ತಿಯನ್ನೂ ಎತ್ತುತ್ತಾನೆ. ಟಿಪ್ಪು ತುರ್ಕಿ ಸುಲ್ತಾನನಿಗೆ ರಾಯಭಾರಿ ಕಳಿಸಿದ, ಅಫ್ಘಾನಿಸ್ತಾನದ ಜಮಾನ್ ಶಾನನ್ನು ಕರೆದ, ಫ್ರೆಂಚರ ಜತೆ ಕೈ ಜೋಡಿಸಿದ, ಶೃಂಗೇರಿಯಲ್ಲಿ ಚಂಡಿ ಜಪವನ್ನೂ ಮಾಡಿಸಿದ.

ಕೇಸರಿಬಾತ್
ಮೇಷ್ಟ್ರೇ, 1791ರ ಮಾರ್ಚ್‌ನಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಾಗಿತ್ತು. ಕುತ್ತಿಗೆಗೆ ಬಂದಾಗ ಜಗದ್ಗುರು ನೆನಪಾದರು. ಗೆಲ್ಲುತ್ತಿದ್ದಾಗ ಕೊಡಗಿನಲ್ಲಿ ಯಾರ ಜಪ ಮಾಡಿಸಿದ?

ಧಾರವಾಡದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಕಷ್ಟಕಾಲ ಅನ್ನುವುದು ನಿಜ. ಆದರೆ ನಂಜನಗೂಡಿನ ಪಚ್ಚೆ ಲಿಂಗ, ಶ್ರೀರಂಗಪಟ್ಟಣದ ರಂಗನಾಥನಿಗೆ ಕೊಟ್ಟ ಬೆಳ್ಳಿ ಬಟ್ಟಲುಗಳು, ಮೇಲುಕೋಟೆಗೆ ಕೊಟ್ಟ ನಗಾರಿ, ಇವನ್ನೆಲ್ಲ ಬರೀ ಭಯದ ಲೆಕ್ಕಕ್ಕೆ ಬರೆಯಲಾಗದು. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಅಂತ ನಾಟಕ ಆಡಲ್ಲ. ಇನ್ನು ಫಾರ್ಸಿ. ಜಮಾಬಂದಿ, ಅಮಲ್ದಾರ, ಶಿರಸ್ತೇದಾರ ಅನ್ನುವಂಥ ಮಾತುಗಳು ಬಿಜಾಪುರದವರ, ಮರಾಠರ ಕಾಲದಿಂದಲೇ ನಮ್ಮ ಕಡೆ ಓಡಾಡುತ್ತಿದ್ದವು. ಎಲ್ಲವನ್ನೂ ಟಿಪ್ಪು ಖಾತೆಗೆ ಜಮಾ ಮಾಡಬೇಡಿ.

ಬೋಳಾರದ ಬಂದರು
ಕರಾವಳಿ ಕಡೆಯಿಂದ ಒಂದು ಮಾತು. ನಾವು ಕೊಂಕಣಿ ಕ್ಯಾಥೊಲಿಕರು. 1784ರಲ್ಲಿ ನಮ್ಮವರನ್ನು ಒಟ್ಟಿಗೆ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಮಿಲಾಗ್ರಿಸ್ ಇಗರ್ಜಿ ಕೆಡವಿದರು. ಹೋದವರು ಮೂವತ್ತು ಸಾವಿರ ಅನ್ನುವವರಿದ್ದಾರೆ, ಅರವತ್ತು ಸಾವಿರ ಅನ್ನುವವರೂ ಇದ್ದಾರೆ. ಸೆರೆ ಬಿಟ್ಟದ್ದು 1799ರಲ್ಲಿ, ಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷ.

ಅದಕ್ಕೂ ಯುದ್ಧದ ಕಾರಣ ಇತ್ತು ಅನ್ನುತ್ತಾರೆ. ಮಂಗಳೂರು ಕೋಟೆ ಮುತ್ತಿಗೆಯಲ್ಲಿ ಕ್ಯಾಥೊಲಿಕರು ಇಂಗ್ಲಿಷರಿಗೆ ಸಹಾಯ ಮಾಡಿದರು ಅಂತ ಆರೋಪ. ಇರಲಿ, ಒಪ್ಪೋಣ. ಕೆಲವರು ಮಾಡಿಯೂ ಇರಬಹುದು. ಸೊಂಟದ ಮೇಲಿದ್ದ ಮಗು ಯಾವ ಗುಟ್ಟು ಹೇಳಿತ್ತು? ಮೇಷ್ಟ್ರು ರಾಜ ಕತ್ತಿ ಎತ್ತುತ್ತಾನೆ ಅಂದರು. ಸರಿ. ಎತ್ತಿದ್ದು ಯಾರ ಮೇಲೆ ಅಂತಲೂ ಅದೇ ಸಾಲಿನಲ್ಲಿ ಬರೆಯಬೇಕಿತ್ತು.

ನನ್ನ ಸಿಟ್ಟು ಟಿಪ್ಪು ಮೇಲೆ ಅಲ್ಲ, ಅವನು ಸತ್ತು ಮಣ್ಣಾದ. 2015ರಲ್ಲಿ ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ. ಹಾಗೆಯೇ, ವರ್ಷವಿಡೀ ನಮ್ಮ ಪ್ರಾರ್ಥನಾ ಮಂದಿರಗಳ ಮೇಲೆ ಕಣ್ಣು ಹಾಕುವವರು ನವೆಂಬರ್‌ನಲ್ಲಿ ಮಾತ್ರ ನಮ್ಮ ಸೆರೆಯ ಕಥೆ ಹೇಳಿ ಕಣ್ಣೀರು ಹಾಕುತ್ತಾರಲ್ಲ, ಅದಕ್ಕೂ.

ಕಾಫಿ ಹೂವು
ಕೊನೆಯ ಸಾಲಿಗೆ ನನ್ನದೂ ಒಂದು ಸಹಿ. ಕೊಡಗಿಗೆ ಏನು ಬೇಕು ಅಂತ ನವೆಂಬರ್ ಬಿಟ್ಟು ಬೇರೆ ತಿಂಗಳಲ್ಲಿ ಯಾರೂ ಕೇಳಿಲ್ಲ. 2018ರಲ್ಲಿ ಗುಡ್ಡ ಕುಸಿದು ಮನೆ ಹೋದವರು ಎಷ್ಟು ವರ್ಷ ಅಲೆದರು ಅಂತ ನೋಡಿದ್ದೇನೆ.

ಖಡಕ್ ರೊಟ್ಟಿ
ಎಲ್ಲರೂ ಸೇರಿ ಕಣ್ಣೀರು ಹಾಕಿದ್ದಾಯಿತು. ಪಾಳೇಗಾರರ ಸೊಕ್ಕು ಮುರಿದವನು, ರೇಷ್ಮೆ ತಂದವನು, ಮಕ್ಕಳಿಬ್ಬರನ್ನು ಒತ್ತೆ ಇಟ್ಟು ಮೂರು ಕೋಟಿ ಮೂವತ್ತು ಲಕ್ಷ ದಂಡ ಕಟ್ಟಿದವನು, ಅರ್ಧ ರಾಜ್ಯ ಹೋದ ಮೇಲೂ ಇಂಗ್ಲಿಷರಿಗೆ ಬಗ್ಗದೆ ಕೋಟೆ ಬಾಗಿಲಲ್ಲಿ ಸತ್ತವನು. ಮೈಸೂರು ಸೀಮೆಯಲ್ಲಿ ಲಾವಣಿ ಕಟ್ಟಿ ಹಾಡಿದವರು ಮುಸ್ಲಿಮರೊಬ್ಬರೇ ಅಲ್ಲ. ಅವರನ್ನೂ ಯಾರೋ ದುಡ್ಡು ಕೊಟ್ಟು ಹಾಡಿಸಿದರಾ?

ಮುದ್ದೆ ಬಸ್ಸಾರು
ಇಲ್ಲ. ಆದರೆ ದುಡ್ಡು ಕೊಟ್ಟು ಹೊಸ ಕಥೆ ಹುಟ್ಟಿಸಿದ್ದು ನೋಡಿದ್ದೇವೆ. ಉರಿಗೌಡ, ನಂಜೇಗೌಡ. ಟಿಪ್ಪುವನ್ನು ಕೊಂದದ್ದು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗರು ಅಂತ. 2023ರ ಮಾರ್ಚ್‌ನಲ್ಲಿ ಪ್ರಧಾನಿ ಮಂಡ್ಯಕ್ಕೆ ಬಂದಾಗ ಅವರ ಹೆಸರಿನಲ್ಲಿ ದ್ವಾರ ಕಟ್ಟಿದ್ದರು. ಗಲಾಟೆ ಆಗಿ ಹೆಸರು ತೆಗೆದರು. ಸಚಿವ ಮುನಿರತ್ನ ಸಿನಿಮಾ ಮಾಡುತ್ತೇನೆ ಅಂದರು. ಆದಿಚುಂಚನಗಿರಿ ಸ್ವಾಮೀಜಿ ಕರೆದು ಬೇಡ ಅಂದ ಮೇಲೆ ಬಿಟ್ಟರು.

ನಮ್ಮಪ್ಪನಿಗೆ ಎಪ್ಪತ್ತೆಂಟು ವರ್ಷ. ಹುಟ್ಟಾ ಮಂಡ್ಯದವರು. ಟಿವಿ ನೋಡುತ್ತಾ ಕೇಳಿದರು: "ಈ ಗೌಡ್ರು ಯಾವ ಊರಿನೋರಂತೆ? ಯಾರ ಮನೆಗೆ ಹೆಣ್ಣು ಕೊಟ್ಟವ್ರೆ?" ನಮ್ಮ ಕಡೆ ಒಬ್ಬ ಮನುಷ್ಯ ಇದ್ದ ಅಂದರೆ ಅವನ ಹೊಲದ ಎಲ್ಲೆ, ಬೀಗರ ಮನೆ, ಕೋರ್ಟ್ ಕೇಸು ಏನಾದರೂ ಒಂದು ಉಳಿದಿರುತ್ತದೆ. ಇವರದ್ದು ಏನೂ ಇಲ್ಲ. ಆ ಪಕ್ಷ ಜಯಂತಿ ಮಾಡಿ ಓಟು ಕೇಳಿತು, ಈ ಪಕ್ಷ ಕೊಲೆಗಾರನನ್ನು ಹುಟ್ಟಿಸಿ ಓಟು ಕೇಳಿತು.

ಕೇಸರಿಬಾತ್
ಉರಿಗೌಡನ ವಿಷಯಕ್ಕೆ ನಾನು ಬರಲ್ಲ. ಅದು ಬೇಡದ ಕೆಲಸ ಆಗಿತ್ತು.

ಖಡಕ್ ರೊಟ್ಟಿ
ಅಬ್ಬಾ! ಇವತ್ತು ಮಳೆ ಗ್ಯಾರಂಟಿ.

ನಿರ್ವಾಹಕ
ಮಧ್ಯೆ ನಾಲ್ಕು ಬರಹ ತೆಗೆದಿದ್ದೇನೆ. ಒಬ್ಬರ ತಾಯಿಯ ಬಗ್ಗೆ ಬರೆದಿದ್ದರು, ಅವರ ಖಾತೆ ಒಂದು ವಾರ ಬಂದ್. ಮುಂದುವರಿಸಿ.

ಪುಳಿಯೋಗರೆ
ನಾನು ಮೇಲುಕೋಟೆ ಕಡೆಯವಳು, ಮಂಡ್ಯಂ ಅಯ್ಯಂಗಾರ್ ಮನೆ. ಈಗ ಇರುವುದು ಬೆಂಗಳೂರಿನಲ್ಲಿ. ನಮ್ಮ ಮನೆಯಲ್ಲಿ ನರಕ ಚತುರ್ದಶಿ ಇಲ್ಲ. ಎಣ್ಣೆ ಸ್ನಾನ ಇಲ್ಲ, ಪಟಾಕಿ ಇಲ್ಲ. ಚಿಕ್ಕವಳಿದ್ದಾಗ ಪಕ್ಕದ ಮನೆ ಮಕ್ಕಳು ಸುರಸುರಬತ್ತಿ ಹಚ್ಚುತ್ತಿದ್ದರೆ ನಾವು ಕಿಟಕಿ ಸರಳು ಹಿಡಿದು ನೋಡುತ್ತಿದ್ದೆವು. ಅವತ್ತು ಶ್ರೀರಂಗಪಟ್ಟಣದಲ್ಲಿ ನಮ್ಮವರನ್ನು ಏಳುನೂರು ಎಂಟುನೂರು ಜನ ಸೇರಿದ್ದಾಗ ಹಿಡಿದು ಕೊಂದರು, ಹುಣಸೆ ಮರಕ್ಕೆ ನೇತುಹಾಕಿದರು ಅಂತ ಪಾಟಿ, ಅಂದರೆ ನಮ್ಮಜ್ಜಿ, ಹೇಳುತ್ತಿದ್ದಳು. ರಾಣಿ ಲಕ್ಷ್ಮಮ್ಮಣ್ಣಿ ಒಡೆಯರಿಗೆ ರಾಜ್ಯ ವಾಪಸ್ ಕೊಡಿಸಲು ಇಂಗ್ಲಿಷರ ಜತೆ ಗುಟ್ಟಾಗಿ ಮಾತುಕತೆ ನಡೆಸಿದ್ದಳಲ್ಲ, ಅದಕ್ಕೆ ಓಡಾಡಿದ ತಿರುಮಲರಾಯರು ನಮ್ಮವರು. ಅದರ ಸೇಡು ಅಂತೆ.

ಮೇಷ್ಟ್ರು ದಾಖಲೆ ಕೇಳುತ್ತಾರೆ ಅಂತ ಗೊತ್ತು. ನನ್ನ ಹತ್ತಿರ ಇರುವ ದಾಖಲೆ ಅಂದರೆ ಹಚ್ಚದ ದೀಪ ಅಷ್ಟೇ.

ಒಂದು ವಿಷಯ ಯಾರೂ ಹೇಳಲಿಲ್ಲ. 2015ರಲ್ಲಿ ನವೆಂಬರ್ 10 ಯಾವ ದಿನ ಅಂತ ಹಳೇ ಕ್ಯಾಲೆಂಡರ್ ತೆಗೆದು ನೋಡಿ. ನರಕ ಚತುರ್ದಶಿ. ಟಿಪ್ಪು ಹುಟ್ಟಿದ್ದು ನವೆಂಬರ್ 20 ಅಂತ ಎಷ್ಟೋ ಪುಸ್ತಕಗಳಲ್ಲಿದೆ. ಆದರೂ ಸರ್ಕಾರ ಆರಿಸಿದ್ದು ಹತ್ತನೇ ತಾರೀಖು. ಬೇಕಂತಲೇ ಮಾಡಿದರು ಅಂತ ನಾನು ಅನ್ನಲ್ಲ. ಗೋಡೆ ಮೇಲಿನ ಪಂಚಾಂಗ ನೋಡುವಷ್ಟು ವ್ಯವಧಾನ ಇರಲಿಲ್ಲ ಅಷ್ಟೇ. ಅವತ್ತು ಟಿವಿಯಲ್ಲಿ ಒಂದು ಕಡೆ ಹಾರ ಹಾಕುತ್ತಿದ್ದರು, ನಮ್ಮಮ್ಮ ಎದ್ದು ಹೋಗಿ ಟಿವಿ ಆರಿಸಿ, ಮಾತಾಡದೆ ಅಡುಗೆಮನೆಗೆ ಹೋದಳು.

ಮಂಡಿಮೊಹಲ್ಲಾ
ಇದು ನನಗೆ ಗೊತ್ತಿರಲಿಲ್ಲ ಮೇಡಂ. ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಮುಖಕ್ಕೆ ಹೊಡೆದ ಹಾಗೆ ಹೇಳಿದವರೇ ಜಾಸ್ತಿ.

ಪುಳಿಯೋಗರೆ
ನಿಮ್ಮ ಮೈಸೂರು ಪಾಕ್ ಕಥೆ ಓದದೇ ಇದ್ದಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೋ ಏನೋ.

ಧಾರವಾಡದ ಮೇಷ್ಟ್ರು
ಪುಳಿಯೋಗರೆಯವರೇ, ದಾಖಲೆ ಕೇಳುವುದು ನನ್ನ ಚಾಳಿ, ಆದರೆ ಮನೆಯಲ್ಲಿ ತಲೆಮಾರುಗಟ್ಟಲೆ ನಡೆದುಬಂದ ಸೂತಕವೂ ಒಂದು ಬಗೆಯ ದಾಖಲೆಯೇ. ಎಣಿಕೆಗೆ ಸಾಲದು, ನೆನಪಿಗೆ ಸಾಕು.

ಮೂಲ ಪ್ರಶ್ನೆಗೆ ಬರುತ್ತೇನೆ. 2016ರಲ್ಲಿ ವಿಷಯ ಹೈಕೋರ್ಟಿಗೆ ಹೋದಾಗ, ಟಿಪ್ಪು ಸ್ವಾತಂತ್ರ್ಯ ಹೋರಾಟಗಾರ ಹೇಗಾಗುತ್ತಾನೆ, ತನ್ನ ರಾಜ್ಯಕ್ಕಾಗಿ ಹೋರಾಡಿದ ರಾಜ ಅಲ್ಲವೇ ಎಂಬರ್ಥದ ಮಾತು ನ್ಯಾಯಪೀಠದಿಂದಲೇ ಬಂದಿತ್ತು. ಆದರೂ ಜಯಂತಿಗೆ ತಡೆ ಸಿಗಲಿಲ್ಲ. 2020ರ ಜನವರಿಯಲ್ಲಿ ಅದೇ ಹೈಕೋರ್ಟ್, ರದ್ದು ಮಾಡಿದ್ದನ್ನು ಮತ್ತೊಮ್ಮೆ ಯೋಚಿಸಿ ಅಂತ ಸರ್ಕಾರಕ್ಕೆ ಹೇಳಿತು. ಅಂದರೆ ಮಾಡಿದ್ದೂ ಯೋಚಿಸದೆ, ಬಿಟ್ಟದ್ದೂ ಯೋಚಿಸದೆ. 2018ರಲ್ಲಂತೂ ಜಯಂತಿ ಮಾಡಿಸಿದ ಸರ್ಕಾರದ ಮುಖ್ಯಮಂತ್ರಿಯೇ ಆ ಸಮಾರಂಭಕ್ಕೆ ಹೋಗಲಿಲ್ಲ.

ಖಡಕ್ ರೊಟ್ಟಿ
ಹಾಗಾದರೆ ಎಲ್ಲಾ ಜಯಂತಿ ನಿಲ್ಲಿಸಿ. ಕೆಂಪೇಗೌಡ, ವಾಲ್ಮೀಕಿ, ಕನಕ, ಎಲ್ಲಾ. ಒಬ್ಬನದ್ದು ಮಾತ್ರ ನಿಲ್ಲಿಸಿದರೆ ಅದಕ್ಕೆ ನ್ಯಾಯ ಅನ್ನಲ್ಲ. ಪ್ರತಿ ಜಾತಿಗೂ ಒಂದೊಂದು ಹಾರ, ಒಂದೊಂದು ಭಾಷಣ ಹಂಚಿದ ಸರ್ಕಾರ ಮುಸ್ಲಿಮರ ಪಾಲಿಗೆ ಬಂದಾಗ ಮಾತ್ರ ಇತಿಹಾಸದ ಪುಸ್ತಕ ತೆಗೆಯಿತು.

ಗಂಜಾಂ ಅಂಜೂರ
ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ ರೊಟ್ಟಿಯವರೇ. ಪಾಲು ಅನ್ನುವ ಲೆಕ್ಕದಲ್ಲಿ ನೋಡಿದರೆ ನೀವು ಹೇಳುವುದು ಸರಿ. ಆದರೆ ಮುಸ್ಲಿಮರ ಪಾಲಿಗೆ ಟಿಪ್ಪುವೇ ಅಂತ ಬರೆದವರು ಯಾರು? ಶಿಶುನಾಳ ಶರೀಫರನ್ನು ಯಾಕೆ ಕೇಳಲಿಲ್ಲ? ಯುದ್ಧ ಮಾಡಿದವನನ್ನೇ ಹುಡುಕಿ ತಂದರೆ ಅವನ ಹಿಂದೆ ಅವನ ಯುದ್ಧಗಳೂ ಬರುತ್ತವೆ. ಮಂಡಿಮೊಹಲ್ಲಾ ಅವರ ಅಬ್ಬಾ ಸರ್ಕಾರದ ಹತ್ತಿರ ಕೇಳಬೇಕಿದ್ದದ್ದು ಇನ್ನೇನೋ ಇತ್ತು, ಸಿಕ್ಕಿದ್ದು ಒಂದು ಹಾರ.

ಮಂಡಿಮೊಹಲ್ಲಾ
ಹಾರವೂ ಅಲ್ಲ. ಅಳತೆ ಟೇಪು ಹೋಯಿತು.

ಪುಳಿಯೋಗರೆ
ಗಂಜಾಂನವರೇ, ಸುಮ್ನೆ ಒಂದು ಕೇಳಲಾ? ಆ ಹುಣಸೆ ಮರ ಪಟ್ಟಣದಲ್ಲಿ ಈಗಲೂ ಇದೆಯಾ? ಪಾಟಿ ಹೋದಳು. ನಮ್ಮಮ್ಮ ಒಂದು ಸಲವೂ ಶ್ರೀರಂಗಪಟ್ಟಣದಲ್ಲಿ ಇಳಿದವಳಲ್ಲ. ಮೈಸೂರಿಗೆ ಹೋಗುವಾಗ ಸೇತುವೆ ದಾಟುವ ತನಕ ಕಣ್ಣು ಮುಚ್ಚಿ ಕೂರುತ್ತಾಳೆ.

ಗಂಜಾಂ ಅಂಜೂರ
ಟಿಪ್ಪು ಹೆಣ ಸಿಕ್ಕಿದ ಜಾಗಕ್ಕೆ ಕಲ್ಲು ನೆಟ್ಟು ಬರೆದಿದ್ದಾರೆ, ಸುತ್ತ ಕಟ್ಟೆ ಇದೆ, ಸ್ಕೂಲ್ ಬಸ್‌ಗಳು ಅಲ್ಲೇ ನಿಲ್ಲುತ್ತವೆ. ನಿಮ್ಮ ಮರದ ಹತ್ತಿರ ಯಾರೂ ಏನೂ ಬರೆದಿಲ್ಲ. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ, ಆದರೂ ಯಾವ ಮರ ಅಂತ ಯಾರೂ ತೋರಿಸಿಲ್ಲ, ನಾನೂ ಕೇಳಿಲ್ಲ. ಊರಲ್ಲಿ ಹಳೇ ಹುಣಸೆ ಮರಗಳು ಇವೆ. ಭಾನುವಾರ ರಂಗನಾಥನ ಗುಡಿ ಹತ್ತಿರ ಹಳಬರೊಬ್ಬರು ಸಿಗುತ್ತಾರೆ, ಅವರನ್ನು ಕೇಳಿಕೊಂಡು ಬಂದು ಹೇಳುತ್ತೇನೆ.